ವ್ಯಾಘ್ರೈಕನಿಷ್ಠರು

ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ವರ್ಷಂಪ್ರತಿ ಬೆಂಗಳೂರಿನಿಂದ ದಯಮಾಡಿಸುವ ಮಹನೀಯರಲ್ಲಿ ಒಂದು ವಿಶಿಷ್ಟ ಪಂಗಡವುಂಟು. ಅವರನ್ನು ವ್ಯಾಘ್ರೈಕನಿಷ್ಠರೆಂದು ಕರೆಯಬಹುದು. ಹುಲಿಯೊಂದನ್ನುಳಿದು ಮಿಕ್ಕ ಜೀವರಾಶಿಯನ್ನೆಲ್ಲ ಬ್ರಹ್ಮನು ಹೊತ್ತು ಹೋಗದ ವೇಳೆಯಲ್ಲಿ ಸೃಷ್ಟಿಸಿದನೆಂಬುದು ಇವರ ಸಿದ್ಧಾಂತ. ಮೈಗೆ ಎಲೆಕೊಂಬೆಗಳ ಚಿತ್ತಾರದ ಅಂಗಿ, ಎದೆಯ ಮೇಲೆ ದುರ್ಬೀನು, ತಲೆಗೆ ಜಿಮ್ ಕಾರ್ಬೆಟ್ಟನೂ ಮೆಚ್ಚಬಹುದಾದ ಟೋಪಿ, ಹೀಗೆ ಮೃಗಗಳ ಕಣ್ಣಿಗೆ ಬೀಳದಿರಲು ಸಕಲ ಏರ್ಪಾಡುಗಳನ್ನೂ ಮಾಡಿಕೊಂಡು ಬರುವ ಈ ಮಹಾಶಯರು, ಅವುಗಳ ಕಿವಿಗೆ ಬೀಳದಿರುವ ಏರ್ಪಾಡೊಂದನ್ನು ಮಾತ್ರ ಮರೆತು ಬಂದಿರುತ್ತಾರೆ.

ಕಾಡಿನೊಳಕ್ಕೆ ಕಾಲಿಟ್ಟೊಡನೆ, ಕಬಿನಿಯ ಹಿನ್ನೀರಿನ ಬಳಿ ತಮ್ಮ ಜೀಪಿಗೆ ಹುಲಿ ಅಡ್ಡಬಂದ ಪುರಾಣವು ಆರಂಭವಾಗುತ್ತದೆ. ದಾರಿಯ ಒಂದೊಂದು ತಿರುವಿಗೂ ಆ ಹುಲಿ ಒಂದೊಂದು ಗೇಣು ಬೆಳೆಯುತ್ತದೆ. ನಡುವೆ ಅರಣ್ಯದ ವಾಚರನು ಮೆಲ್ಲನೆ ಕೈಮಾಡಿ, ಎದುರು ಗುಡ್ಡದ ಹುಲ್ಲುಗಾವಲಿನಲ್ಲಿ ಬಿಳಿಯ ಕಾಲುಚೀಲ ತೊಟ್ಟಂತೆ ನಿಂತ ಕಾಟಿಗಳ ಹಿಂಡನ್ನು ತೋರಿಸಿದರೆ, “ಎಮ್ಮೆ ನೋಡೋದಕ್ಕೆ ಇಲ್ಲಿಯವರೆಗೆ ಬರಬೇಕೇನಯ್ಯಾ?” ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ.

ಪಾಪ, ಸಿಂಗಳೀಕದ ಗತಿ ಇನ್ನೂ ಶೋಚನೀಯವಾದುದು. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಗೆ ಸಿಂಹಕ್ಕಿರುವಂಥ ಕುಚ್ಚು. ಪಶ್ಚಿಮಘಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಇಲ್ಲದ, ನೆಲಕ್ಕಿಳಿಯುವುದೇ ಅಪರೂಪವಾದ ಈ ಪ್ರಾಣಿಯ ರಕ್ಷಣೆಯು, 1987ರಲ್ಲಿ ಸುಮಾರು 600 ಚದರ ಕಿಲೋಮೀಟರುಗಳ ಈ ಉದ್ಯಾನ ಸ್ಥಾಪಿತವಾದುದಕ್ಕೆ ಒಂದು ಮುಖ್ಯ ಕಾರಣ. ಅಂಥ ಸಂಸಾರವೊಂದು ತಲೆಯ ಮೇಲಿನ ಕೊಂಬೆಗಳಲ್ಲಿ ದರ್ಶನವಿತ್ತಾಗ, ನಮ್ಮ ವ್ಯಾಘ್ರೈಕನಿಷ್ಠರು ಒಮ್ಮೆ ಕತ್ತೆತ್ತಿ ನೋಡಿ, ಹೆಂಡತಿಯ ಕಡೆಗೆ ತಿರುಗಿ, “ಕೋತಿ ಕಣೇ, ಚಕ್ಕುಲಿ ಡಬ್ಬಿ ಮುಚ್ಚು” ಎಂದು ಅಪ್ಪಣೆ ಕೊಡಿಸುತ್ತಾರೆ.

ಕುದುರೆಮುಖದಲ್ಲಿ ಹುಲಿಯಿಲ್ಲವೆಂದಲ್ಲ. ಆದರೆ ಕಣಿವೆಯ ಮಡಿಲಿನಲ್ಲಿ ದಟ್ಟೈಸಿರುವ ಶೋಲಾ ಕಾಡು, ಕಬಿನಿಯ ಬಯಲಿನಂತೆ ತನ್ನ ಒಡೆಯನನ್ನು ಬಂದವರಿಗೆಲ್ಲ ತೋರಿಸುವಷ್ಟು ಉದಾರಿಯಲ್ಲ. ಅಲ್ಲಿ ಹುಲಿಯ ವರ್ತಮಾನವನ್ನು ಅನ್ಯರ ಬಾಯಿಂದಲೇ ಕೇಳಬೇಕು. ಇಳಿಹೊತ್ತಿನಲ್ಲಿ ಕೆಳಗಿನ ಶೋಲಾದಿಂದ ಕಡವೆಯೊಂದು ‘ಢಾಂಕ್’ ಎಂದು ಬೆದರಿ ಕೂಗಿ, ಕ್ಷಣ ಬಿಟ್ಟು ಮತ್ತೆ ಕೂಗಿದಾಗ, ವಾಚರನು ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ನಿಲ್ಲಿಸುತ್ತಾನೆ; ಹುಲಿಯೋ ಚಿರತೆಯೋ ಆಸುಪಾಸಿನಲ್ಲಿ ಸಂಚರಿಸುತ್ತಿದೆಯೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯ ಕಾಡಿನಲ್ಲಿ ದೊರೆಯುವುದು ದುರ್ಲಭ. ದುರ್ದೈವದಿಂದ ಅದೇ ವೇಳೆಗೆ ಕಬಿನಿಯ ಪುರಾಣವು ತನ್ನ ಪರಾಕಾಷ್ಠೆಯನ್ನು ಮುಟ್ಟಿರುತ್ತದೆ. ಆ ಹುಲಿ ಹೇಗೆ ಗರ್ಜಿಸಿತೆಂಬುದನ್ನು ನಮ್ಮವರು, ಕಂಠದಲ್ಲಿರುವಷ್ಟು ಬಲವನ್ನೂ ವಿನಿಯೋಗಿಸಿ, ಅಭಿನಯಪೂರ್ವಕವಾಗಿ ನಿರೂಪಿಸುತ್ತಾರೆ.

ಮರುದಿನ ಕಳಸದ ಹೋಟೆಲಿನಲ್ಲಿ ಕಾಫಿ ಹೀರುತ್ತ, ಪಕ್ಕದ ಮೇಜಿನ ಅಪರಿಚಿತರಿಗೆ ಬೇಡದಿದ್ದರೂ ಬುದ್ಧಿ ಹೇಳುತ್ತಾರೆ: “ದುಡ್ಡು ದಂಡ ಸ್ವಾಮಿ. ಅಷ್ಟು ಜೋರಾಗಿ ಕೂಗಿದೆ. ಒಂದಾದರೂ ಹುಲಿ ಓಗೊಡಬೇಕಲ್ಲ!”