ಸೈಕಲ್ ಬಿಟ್ಟು ಓಡಿದ ಚಾಂಪಿಯನ್

2016ರ ಜುಲೈ 14. ಟೂರ್ ಡಿ ಫ್ರಾನ್ಸ್ ಸವಾರರು ಮೋಂ ವಾಂತೂ ಬೆಟ್ಟ ಹತ್ತುತ್ತಿದ್ದರು. ತುದಿಯಲ್ಲಿ ಗಾಳಿ ಜೋರೆಂದು ಅಂತಿಮ ಗೆರೆಯನ್ನು ಆರು ಕಿಲೋಮೀಟರ್ ಕೆಳಕ್ಕೆ ಎಳೆದಿದ್ದರು; ಜನವೂ ಅಲ್ಲೇ ಜಮಾಯಿಸಿತ್ತು. ಆ ನೂಕುನುಗ್ಗಲಿನಲ್ಲಿ ಮುಂದಿದ್ದ ಮೋಟಾರ್‌ಬೈಕು ಗಕ್ಕನೆ ನಿಂತಿತು. ರಿಚಿ ಪೋರ್ಟ್ ಹೋಗಿ ಗುದ್ದಿದರು. ಬೆನ್ನಿಗೇ ಬಾಕೆ ಮೊಲೆಮಾ, ಕ್ರಿಸ್ ಫ್ರೂಮ್.

ಫ್ರೂಮ್ ಸೈಕಲ್ ಮುರಿಯಿತು. ತಂಡದ ಕಾರು ಹಿಂದೆಲ್ಲೋ ಸಿಕ್ಕಿಕೊಂಡಿತ್ತು. ಒಟ್ಟಾರೆ ಮುನ್ನಡೆಯಲ್ಲಿರುವವರು ತೊಡುವ ಹಳದಿ ಜೆರ್ಸಿಯ ಈ ಮಹಾಶಯರು ಸೈಕ್ಲಿಂಗ್ ಶೂನಲ್ಲೇ ಬೆಟ್ಟದ ಮೇಲಕ್ಕೆ ಓಟ ಕಿತ್ತರು! ಆಮೇಲೆ ಸಿಕ್ಕ ಬದಲಿ ಸೈಕಲ್ಲೋ, ತೀರಾ ಪುಟ್ಟದು. ಪೆಡಲಿಗೆ ಶೂ ಕೂರಲೊಲ್ಲದು.

ಮೊದಲ ಲೆಕ್ಕದಲ್ಲಿ ಆ ಜೆರ್ಸಿ ಇನ್ನೊಬ್ಬ ಸವಾರ ಆಡಮ್ ಯೇಟ್ಸ್ ಪಾಲಾಗಿತ್ತು. ತೀರ್ಪುಗಾರರು ಕೂತು ಚರ್ಚಿಸಿ, ಫ್ರೂಮ್ ಮತ್ತು ಪೋರ್ಟ್‌ಗೆ ಮೊಲೆಮಾರ ಸಮಯವನ್ನೇ ಕೊಟ್ಟರು. ಬೇಗ ಎದ್ದು ತುಳಿದುಕೊಂಡು ಬಂದ ಮೊಲೆಮಾಗೆ ಲಾಭ ಸೊನ್ನೆ. ಅವರು ಮುನಿಸಿಕೊಂಡದ್ದು ನ್ಯಾಯವೇ.

ಅಂದಹಾಗೆ, ಆ ದಿನ ಗೆದ್ದವರು ಬೆಲ್ಜಿಯಂನ ಥಾಮಸ್ ಡಿ ಗೆಂಟ್. ಪಾಪ, ಯಾರು ಕೇಳಬೇಕು?