ಮೊದಲು ಯಾರ ಹೆಸರು?

ಮಗಳ ಮದುವೆ ಗೊತ್ತಾದಾಗ ಚಿನ್ನದ ಬೆಲೆಗೆ ಹೆದರದ ನಾನು ಲಗ್ನಪತ್ರಿಕೆಗೆ ಹೆದರಿದೆ. ನನಗೆ ಇಬ್ಬರು ಅಕ್ಕಂದಿರು. ದೊಡ್ಡಕ್ಕನ ಗಂಡ ದೊಡ್ಡ ಭಾವ, ಚಿಕ್ಕಕ್ಕನ ಗಂಡ ಚಿಕ್ಕ ಭಾವ. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ವಯಸ್ಸಿನಲ್ಲಿ ಚಿಕ್ಕ ಭಾವ ದೊಡ್ಡ ಭಾವನಿಗಿಂತ ಎರಡು ವರ್ಷ ದೊಡ್ಡವರು. ‘ಆಗಮನಾಭಿಲಾಷಿಗಳು’ ಎಂಬ ತಲೆಬರಹದ ಕೆಳಗೆ ಮೊದಲು ಯಾರ ಹೆಸರು ಬರಬೇಕು? ಮನೆಗೆ ಹಿರಿಯ ಅಳಿಯ ತಾನು ಎಂದು ಒಬ್ಬರು. ಭೂಮಿಗೆ ಮೊದಲು ಬಂದವನು ತಾನು ಎಂದು ಇನ್ನೊಬ್ಬರು. ಬಾಯಿಬಿಟ್ಟು ಇಬ್ಬರೂ ಏನೂ ಹೇಳಲಿಲ್ಲ. “ನನ್ನದೇನಿದೆ ಬಿಡಪ್ಪ, ಕೊನೆಗೆ ಹಾಕಿದರೂ ಆಯಿತು” ಎಂದರು. ಷಡ್ಡಕರು ಹೀಗೆ ಹೇಳಿದರೆ ಏನರ್ಥ ಎಂಬುದು ಮದುವೆ ಮಾಡಿದವರಿಗೆಲ್ಲ ಗೊತ್ತು.

ಪ್ರೆಸ್ಸಿನಿಂದ ಮೂರನೆಯ ಸಲ ಪ್ರೂಫ್ ಬಂದ ರಾತ್ರಿ ನಾನು ತಲೆ ಮೇಲೆ ಕೈಹೊತ್ತು ಕೂತಿದ್ದೆ. ಮಗ ತನ್ನ ಕಪಾಟಿನಿಂದ ಒಂದು ದಪ್ಪ ಕಾಮಿಕ್ಸ್ ತಂದು ಮುಂದಿಟ್ಟು, “ಅಪ್ಪ, ಇದಕ್ಕೆ ಅಮೆರಿಕದವರು ಆಗಲೇ ಪರಿಹಾರ ಕಂಡುಹಿಡಿದಿದ್ದಾರೆ” ಎಂದ. ಅವನಿಗೆ ಇಪ್ಪತ್ತನಾಲ್ಕು ವರ್ಷ. ಸಂಬಳದಲ್ಲಿ ಮೂರನೇ ಒಂದು ಪಾಲು ಚಡ್ಡಿಯನ್ನು ಪ್ಯಾಂಟಿನ ಮೇಲೆ ಹಾಕುವವರ ಕಥೆಗೆ ಸುರಿಯುತ್ತಾನೆ ಎಂಬುದು ನಮ್ಮವಳ ಹಳೆಯ ದೂರು. ಆ ರಾತ್ರಿ ನಾನು ಓದತೊಡಗಿದೆ. ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಕಪಾಟು ಅರ್ಧ ಮುಗಿದಿತ್ತು.

ಈ ಕಥೆಗಳಲ್ಲಿ ಅನ್ಯಗ್ರಹದವರು ಬರುವುದು ತೀರ ಸುಲಭ. ಒಂದು ಹಾರುವ ತಟ್ಟೆ ಬರೆದರೆ ಮುಗಿಯಿತು. ಕಷ್ಟವೆಲ್ಲ ಇರುವುದು ಅವರನ್ನು ಎದುರಿಸಲು ನಮ್ಮವರನ್ನು ಒಂದು ಕಡೆ ಕೂಡಿಸುವುದರಲ್ಲಿ. 1960ರಲ್ಲಿ ಡಿಸಿ ಕಂಪನಿಯವರು ‘ದಿ ಬ್ರೇವ್ ಅಂಡ್ ದಿ ಬೋಲ್ಡ್’ ಪತ್ರಿಕೆಯ 28ನೇ ಸಂಚಿಕೆಯಲ್ಲಿ ತಮ್ಮ ವೀರರನ್ನೆಲ್ಲ ಸೇರಿಸಿ ‘ಜಸ್ಟಿಸ್ ಲೀಗ್’ ಎಂಬ ತಂಡ ಕಟ್ಟಿದರು. ಬರೆದವರು ಗಾರ್ಡ್‌ನರ್ ಫಾಕ್ಸ್, ಚಿತ್ರ ಮೈಕ್ ಸೆಕೋವ್‌ಸ್ಕಿಯದು. ಎಲ್ಲರೂ ಒಂದೇ ಕಂಪನಿಯ ಮಕ್ಕಳು. ಆದರೂ ಮನೆಯ ದೊಡ್ಡ ಮಕ್ಕಳಾದ ಸೂಪರ್‌ಮ್ಯಾನ್ ಮತ್ತು ಬ್ಯಾಟ್‌ಮನ್ ಮುಖಪುಟದಲ್ಲೇ ಇಲ್ಲ! ಒಬ್ಬನಿಗೆ ಆಕಾಶದಲ್ಲಿ ಉಲ್ಕೆ ಒಡೆಯುವ ಕೆಲಸವಿತ್ತಂತೆ, ಇನ್ನೊಬ್ಬನಿಗೆ ಊರಲ್ಲಿ ಕಳ್ಳರ ಕಾಟವಂತೆ. ಚಪ್ಪರದ ದಿನ ಕೈಕೊಟ್ಟು ಊಟದ ಪಂಕ್ತಿಗೆ ಸರಿಯಾಗಿ ಬರುವ ನೆಂಟರನ್ನು ಕಂಡವರಿಗೆ ಇದು ಹೊಸದೇನಲ್ಲ.

ಆ ಕಥೆಯ ಶತ್ರು ಸ್ಟಾರೋ. ಬಾಹ್ಯಾಕಾಶದಿಂದ ಬಂದ, ಒಂದೇ ಕಣ್ಣಿನ, ಬೆಟ್ಟದಷ್ಟು ದೊಡ್ಡ ನಕ್ಷತ್ರಮೀನು. ಹ್ಯಾಪಿ ಹಾರ್ಬರ್ ಎಂಬ ಪುಟ್ಟ ಊರಿನ ಜನರನ್ನೆಲ್ಲ ಅದು ಮಂಕುಬೂದಿ ಎರಚಿದಂತೆ ವಶ ಮಾಡಿಕೊಳ್ಳುತ್ತದೆ. ಸ್ನ್ಯಾಪರ್ ಕಾರ್ ಎಂಬ ಚಿಟಿಕೆ ಹೊಡೆಯುವ ಹುಡುಗನೊಬ್ಬನಿಗೆ ಮಾತ್ರ ಏನೂ ಆಗುವುದಿಲ್ಲ. ಯಾಕೆಂದರೆ ಅವನು ಆಗತಾನೆ ಮನೆ ಮುಂದಿನ ಹುಲ್ಲಿಗೆ ಸುಣ್ಣ ಹಾಕುತ್ತಿದ್ದ, ಮೈಗೆ ಸುಣ್ಣ ಮೆತ್ತಿಕೊಂಡಿತ್ತು. ಮಿಂಚಿನಂತೆ ಓಡುವ ಫ್ಲ್ಯಾಶ್, ಉಂಗುರದಿಂದ ಬೇಕಾದ್ದು ಸೃಷ್ಟಿಸುವ ಗ್ರೀನ್ ಲ್ಯಾಂಟರ್ನ್, ಕಡಲ ರಾಜ ಅಕ್ವಾಮ್ಯಾನ್, ವಂಡರ್ ವುಮನ್, ಮಂಗಳ ಗ್ರಹದವನೊಬ್ಬ, ಇಷ್ಟು ಜನ ಸೇರಿ ಕೊನೆಗೆ ಮಾಡುವುದೇನು? ಆ ಮೀನಿಗೆ ಸುಣ್ಣ ಬಳಿಯುತ್ತಾರೆ. ಅದು ಸುಣ್ಣದ ಚಿಪ್ಪಿನೊಳಗೆ ಸಿಕ್ಕಿಬಿದ್ದು ಭೂಮಿ ಉಳಿಯುತ್ತದೆ. ನಕ್ಕು ಬಿಡಬೇಡಿ. ಕಪ್ಪೆಚಿಪ್ಪು ಸಾಕುವ ಅಮೆರಿಕದ ಮೀನುಗಾರರು ತಮ್ಮ ಚಿಪ್ಪುಗಳನ್ನು ತಿನ್ನಲು ಬರುವ ನಕ್ಷತ್ರಮೀನುಗಳನ್ನು ಸುಣ್ಣ ಹಾಕಿಯೇ ಕೊಲ್ಲುತ್ತಿದ್ದರು. ಇದನ್ನು ಓದಿದ ಮೇಲೆ ನಮ್ಮಜ್ಜಿಯ ಸೊಂಟದಲ್ಲಿ ಸದಾ ಇರುತ್ತಿದ್ದ ಸುಣ್ಣದ ಡಬ್ಬಿಯ ಬಗ್ಗೆ ನನ್ನ ಗೌರವ ಹೆಚ್ಚಾಯಿತು. ಆಕೆ ಇದ್ದ ಮೂವತ್ತು ವರ್ಷ ನಮ್ಮ ಬೀದಿಗೆ ಒಂದೇ ಒಂದು ಅನ್ಯಗ್ರಹದ ಮೀನು ಬಂದಿರಲಿಲ್ಲ.

ಜಸ್ಟಿಸ್ ಲೀಗ್ ಬಿಸಿದೋಸೆಯ ಹಾಗೆ ಖರ್ಚಾದದ್ದು ಕಂಡು ಪಕ್ಕದ ಅಂಗಡಿಯವರು ಸುಮ್ಮನಿರುತ್ತಾರೆಯೇ? ಮಾರ್ವೆಲ್‌ನ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ 1961ರಲ್ಲಿ ‘ಫೆಂಟಾಸ್ಟಿಕ್ ಫೋರ್’ ತಂದರು. ಎರಡನೇ ಸಂಚಿಕೆಗೇ ಅನ್ಯಗ್ರಹದ ದಾಳಿ. ಈ ಸಲ ಬಂದವರು ಸ್ಕ್ರಲ್‌ಗಳು, ಬೇಕಾದ ವೇಷ ತಾಳುವ ಹಸಿರು ಮೈಯವರು. ಅವರ ಹಡಗಿಗೆ ಹೋದ ತಂಡದ ನಾಯಕ ರೀಡ್ ರಿಚರ್ಡ್ಸ್, “ಭೂಮಿಯಲ್ಲಿ ಎಂತೆಂಥ ರಾಕ್ಷಸರಿದ್ದಾರೆ ನೋಡಿ” ಎಂಬಂತೆ ಕೆಲವು ಚಿತ್ರ ತೋರಿಸುತ್ತಾನೆ. ಅವೆಲ್ಲ ಅದೇ ಕಂಪನಿಯ ಬೇರೆ ಕಾಮಿಕ್ಸ್‌ಗಳಿಂದ ಕತ್ತರಿಸಿದ ಚಿತ್ರಗಳು! ಸ್ಕ್ರಲ್ ದಂಡು ಹೆದರಿ ಓಡುತ್ತದೆ. ಭೂಮಿಯಲ್ಲಿ ಉಳಿದ ಬೇಹುಗಾರರಿಗೆ ಹಸುವಿನ ವೇಷ ಹಾಕಿಸಿ, ವಶೀಕರಣ ಮಾಡಿ, ತಾವು ಹಸುಗಳೇ ಎಂದು ನಂಬಿಸಿ ಹುಲ್ಲುಗಾವಲಿಗೆ ಬಿಡುತ್ತಾರೆ. ಹಾಲು ಯಾರು ಕರೆದರೋ ಎಂಬ ಚಿಂತೆ ನನ್ನನ್ನು ಎರಡು ದಿನ ಬಿಡಲಿಲ್ಲ.

ಇದೆಲ್ಲ ಅವರವರ ಮನೆಯೊಳಗಿನ ಸಮಾಚಾರ. ಬೀಗರ ಸಮಾಚಾರ ಶುರುವಾಗುವುದು 1976ರಲ್ಲಿ, ಎರಡು ಕಂಪನಿಗಳೂ ಸೇರಿ ಸೂಪರ್‌ಮ್ಯಾನ್ ಮತ್ತು ಸ್ಪೈಡರ್‌ಮ್ಯಾನ್‌ರನ್ನು ಒಂದೇ ಪುಸ್ತಕದಲ್ಲಿ ತಂದಾಗ. ಹಾಸಿದರೆ ಅರ್ಧ ಮೇಜು ತುಂಬುವಷ್ಟು ದೊಡ್ಡ ಪುಸ್ತಕ, ಬೆಲೆ 2 ಡಾಲರ್. ಹೆಸರು ‘ಸೂಪರ್‌ಮ್ಯಾನ್ ವರ್ಸಸ್ ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’. ನೋಡಿ, ಸೂಪರ್‌ಮ್ಯಾನ್ 1938ರವನು, ಹಿರಿಯ, ಅವನ ಹೆಸರು ಮೊದಲು. ಹೆಸರು ಹಿಂದಾದವನಿಗೆ ‘ಅಮೇಜಿಂಗ್’ ಎಂಬ ವಿಶೇಷಣ! ಹಿರಿಯವನಿಗೆ ಅದೂ ಇಲ್ಲ.

ಇದನ್ನು ಕಂಡ ಕೂಡಲೇ ಪ್ರೆಸ್ಸಿಗೆ ಫೋನ್ ಮಾಡಿದೆ. ದೊಡ್ಡ ಭಾವನ ಹೆಸರು ಮೊದಲು, ಚಿಕ್ಕ ಭಾವನ ಹೆಸರು ಕೆಳಗೆ, ಆದರೆ ಪಕ್ಕದಲ್ಲಿ ‘ನಿವೃತ್ತ ಮುಖ್ಯೋಪಾಧ್ಯಾಯರು’. ನಾಲ್ಕನೇ ಪ್ರೂಫ್ ನೋಡಿ ದೊಡ್ಡ ಭಾವ, “ಚೆನ್ನಾಗಿದೆ. ನಾನು ಬ್ಯಾಂಕಿನಲ್ಲಿ ಮೂವತ್ನಾಲ್ಕು ವರ್ಷ ಕಸ ಗುಡಿಸುತ್ತಿದ್ದೆ ಅಂತ ಜನ ತಿಳ್ಕೊಳ್ಳಲಿ” ಎಂದರು.

ಆ ಪುಸ್ತಕದ ಚಿತ್ರ ಬರೆದವರು ರಾಸ್ ಆಂಡ್ರು. ಎರಡೂ ಕಡೆಯ ವೀರರನ್ನು ಬರೆದು ಕೈ ಪಳಗಿದವರು. ಆದರೂ ಆಮೇಲೆ ನೀಲ್ ಆಡಮ್ಸ್ ಕೆಲವು ಸೂಪರ್‌ಮ್ಯಾನ್‌ಗಳನ್ನು ತಿದ್ದಿದರು, ಜಾನ್ ರೊಮಿಟಾ ಸ್ಪೈಡರ್‌ಮ್ಯಾನ್ ಕಡೆಯ ಮುಖಗಳನ್ನು ತಿದ್ದಿದರು. ಗಂಡಿನ ಕಡೆಯವರು ಪಾಯಸಕ್ಕೆ ಸಕ್ಕರೆ ಹಾಕಿ ಹೋದ ಮೇಲೆ ಹೆಣ್ಣಿನ ಕಡೆಯವರು ಬಂದು ಏಲಕ್ಕಿ ಹಾಕಿದ ಹಾಗೆ. ಇನ್ನು ಜಗಳದ ಮಾತು. ಬೆಟ್ಟ ಎತ್ತುವ ಸೂಪರ್‌ಮ್ಯಾನ್‌ಗೆ ಗೋಡೆ ಹತ್ತುವ ಹುಡುಗ ಹೊಡೆದರೆ ಏನಾದೀತು? ಹಾಗೆಂದು ಒಂದೇ ಏಟಿಗೆ ಹುಡುಗ ಬಿದ್ದರೆ ಮಾರ್ವೆಲ್‌ನವರು ಎದ್ದು ಹೋಗುತ್ತಾರೆ. ಅದಕ್ಕೆ ಖಳನಾಯಕ ಲೆಕ್ಸ್ ಲೂಥರ್ ಮರೆಯಲ್ಲಿ ನಿಂತು ಸ್ಪೈಡರ್‌ಮ್ಯಾನ್‌ಗೆ ಕೆಂಪು ಸೂರ್ಯನ ಕಿರಣ ಹಾಯಿಸುತ್ತಾನೆ. ಅದರ ಬಲದಿಂದ ಹುಡುಗ ಹೊಡೆದ ಏಟಿಗೆ ಸೂಪರ್‌ಮ್ಯಾನ್ ಹಾರಿ ಬೀಳುತ್ತಾನೆ. ಕಿರಣದ ಪ್ರಭಾವ ಇಳಿದ ಮೇಲೆ ಅದೇ ಹುಡುಗ ಹೊಡೆದಾಗ ಅವನ ಕೈಯೇ ನೋಯುತ್ತದೆ. ಇಬ್ಬರ ಮರ್ಯಾದೆಯೂ ಉಳಿಯಿತು. ಇಷ್ಟು ನಾಜೂಕಾದ ರಾಜಿ ಪಂಚಾಯಿತಿಯನ್ನು ನಾನು ಯಾವ ಆಸ್ತಿ ಪಾಲಿನಲ್ಲೂ ಕಂಡಿಲ್ಲ.

ಮುಂದೆ 1983ರಲ್ಲಿ ಎರಡು ತಂಡಗಳನ್ನೇ, ಡಿಸಿಯ ಜಸ್ಟಿಸ್ ಲೀಗ್ ಮತ್ತು ಮಾರ್ವೆಲ್‌ನ ಅವೆಂಜರ್ಸ್ ಅನ್ನು, ಕೂಡಿಸಲು ಹೊರಟರು. ಜಾರ್ಜ್ ಪೆರೆಜ್ 21 ಪುಟ ಬರೆದೂ ಆಗಿತ್ತು. ಅಷ್ಟರಲ್ಲಿ ಕಥೆಯ ವಿಷಯಕ್ಕೆ ಎರಡೂ ಕಡೆಯ ಸಂಪಾದಕರಿಗೆ ತಕರಾರು ಬಂದು ನಿಶ್ಚಯವೇ ಮುರಿಯಿತು. ಮತ್ತೆ ಕೂಡಿಬರಲು ಇಪ್ಪತ್ತು ವರ್ಷ ಬೇಕಾಯಿತು. ನಡುವೆ 1996ರಲ್ಲಿ ಇನ್ನೊಂದು ಪಂದ್ಯ ನಡೆಯಿತು, ಐದು ಕುಸ್ತಿಗಳ ಫಲಿತಾಂಶ ಓದುಗರ ವೋಟಿನಿಂದ. ಅದರಲ್ಲಿ ಮಾರ್ವೆಲ್‌ನ ವುಲ್ವರೀನ್ ಮತ್ತು ಡಿಸಿಯ ಲೋಬೋ ಹೊಡೆದಾಡುವುದು ಬಾರಿನ ಕೌಂಟರ್ ಹಿಂದೆ, ನಮಗೇನೂ ಕಾಣುವುದಿಲ್ಲ, ಕೊನೆಗೆ ವುಲ್ವರೀನ್ ಒಬ್ಬನೇ ಚುಟ್ಟಾ ಸೇದುತ್ತ ಏಳುತ್ತಾನೆ. ಬರೆಯುವವರು ಕೈ ತೊಳೆದುಕೊಂಡ ಜಾಗ ಅದು.

ಮಗ ನನ್ನ ಮುಂದಿಟ್ಟದ್ದು ಕೊನೆಗೂ ಮದುವೆಯಾದ ಆ ಪುಸ್ತಕವನ್ನು. 2003ರಿಂದ 2004ರವರೆಗೆ ನಾಲ್ಕು ಸಂಚಿಕೆ, ಬರೆದವರು ಕರ್ಟ್ ಬ್ಯೂಸಿಕ್, ಚಿತ್ರ ಅದೇ ಪೆರೆಜ್. ಬ್ರಹ್ಮಾಂಡಗಳನ್ನೇ ಒಂದೊಂದಾಗಿ ನುಂಗುತ್ತ ಬರುವ ಕ್ರೋನಾ ಎಂಬ ಅನ್ಯಲೋಕದ ವಿಜ್ಞಾನಿ ಶತ್ರು. ಅವನನ್ನು ತಡೆಯುವ ಮೊದಲು ಹನ್ನೆರಡು ಮಹಾವಸ್ತುಗಳಿಗಾಗಿ ಎರಡು ತಂಡಗಳ ಪೈಪೋಟಿ. ಯಾವ ಲೋಕದಿಂದ ಎಷ್ಟು ವಸ್ತು? ಆರು, ಆರು. ತಟ್ಟೆಗೆ ಎಷ್ಟು ಹೋಳಿಗೆ ಎಂದು ಎಣಿಸಿಟ್ಟಂತೆ. ಮೊದಲು ಒಬ್ಬರ ಲೋಕ ಇನ್ನೊಬ್ಬರು ನೋಡಲು ಹೋಗುತ್ತಾರೆ. ಸೂಪರ್‌ಮ್ಯಾನ್‌ಗೆ ಅವೆಂಜರ್ಸ್‌ನವರ ಲೋಕ ಅಧ್ವಾನ ಅನ್ನಿಸುತ್ತದೆ: ಇಷ್ಟು ಜನ ವೀರರಿದ್ದೂ ಮನೆ ಹೀಗಿಟ್ಟುಕೊಂಡಿದ್ದಾರಲ್ಲ! ಅವೆಂಜರ್ಸ್‌ನ ಕ್ಯಾಪ್ಟನ್ ಅಮೆರಿಕಗೆ ಜಸ್ಟಿಸ್ ಲೀಗಿನವರ ಲೋಕ ಕಂಡರೆ ಸಿಟ್ಟು: ಜನರಿಂದ ಪೂಜೆ ಮಾಡಿಸಿಕೊಳ್ಳುತ್ತಾರಲ್ಲ! ಮನೆ ನೋಡಲು ಹೋಗಿ ಬಂದ ಬೀಗರು ಆಟೋದಲ್ಲಿ ಆಡುವ ಮಾತೇ ಇದು. ಆಮೇಲೆ ಹೊಡೆದಾಟ. ಅದರ ನಡುವೆ ಬ್ಯಾಟ್‌ಮನ್ ಮತ್ತು ಕ್ಯಾಪ್ಟನ್ ಅಮೆರಿಕ ಮಾತ್ರ ಎರಡು ಏಟು ಪರೀಕ್ಷೆಗೆ ಕೊಟ್ಟು, ತೆಗೆದುಕೊಂಡು, ಇದು ಇವತ್ತಿಗೆ ಮುಗಿಯುವ ಕೆಲಸವಲ್ಲ ಎಂದು ನಿಲ್ಲಿಸುತ್ತಾರೆ. ಆ ಒಂದು ಪುಟಕ್ಕೆ ಇಡೀ ಪುಸ್ತಕದ ದುಡ್ಡು ಕೊಡಬಹುದು. ಕೊನೆಯ ಯುದ್ಧದಲ್ಲಿ ಸೂಪರ್‌ಮ್ಯಾನ್‌ನ ಒಂದು ಕೈಯಲ್ಲಿ ಕ್ಯಾಪ್ಟನ್‌ನ ಗುರಾಣಿ, ಇನ್ನೊಂದರಲ್ಲಿ ಅದೇ ತಂಡದ ಥಾರ್‌ನ ಸುತ್ತಿಗೆ! ಯುದ್ಧ ಮುಗಿದ ಮೇಲೆ ಎತ್ತಲು ಹೋದರೆ ಸುತ್ತಿಗೆ ಅಲುಗುವುದಿಲ್ಲ. ಬಾಡಿಗೆ ಪಾತ್ರೆ, ಅಡುಗೆ ಮುಗಿದ ಮೇಲೆ ಮುಟ್ಟುವಂತಿಲ್ಲ.

“ಕಥೆ ಬಿಡು, ಮುಖಪುಟ ನೋಡು” ಎಂದ ಮಗ. ಒಂದು ಮತ್ತು ಮೂರನೇ ಸಂಚಿಕೆಯ ಹೆಸರು ‘ಜೆಎಲ್ಎ/ಅವೆಂಜರ್ಸ್’ (ಜೆಎಲ್ಎ ಎಂದರೆ ಜಸ್ಟಿಸ್ ಲೀಗ್). ಎರಡು ಮತ್ತು ನಾಲ್ಕನೆಯದು ‘ಅವೆಂಜರ್ಸ್/ಜೆಎಲ್ಎ’.

ಮರುದಿನ ಬೆಳಿಗ್ಗೆಯೇ ಪ್ರೆಸ್ಸಿಗೆ ಹೋದೆ. ಐನೂರು ಪತ್ರಿಕೆಯಲ್ಲಿ ಇನ್ನೂರೈವತ್ತಕ್ಕೆ ದೊಡ್ಡ ಭಾವ ಮೇಲೆ, ಇನ್ನೂರೈವತ್ತಕ್ಕೆ ಚಿಕ್ಕ ಭಾವ ಮೇಲೆ. ಯಾವ ಕಟ್ಟು ಯಾರ ನೆಂಟರಿಗೆ ಎಂದು ಹೆಂಡತಿ ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಒಂದೇ ಒಂದು ತಪ್ಪಾದ ಕಟ್ಟು ತುಮಕೂರಿಗೆ ಹೋಯಿತು. ಅದರ ಕಥೆ ಇಲ್ಲಿ ಬೇಡ.

ಮದುವೆಯ ಹಿಂದಿನ ರಾತ್ರಿ ಛತ್ರದಲ್ಲಿ ರೂಮು ಸಾಲದೆ ಇಬ್ಬರು ಭಾವಂದಿರನ್ನೂ ಒಂದೇ ರೂಮಿಗೆ ಹಾಕಬೇಕಾಯಿತು. 1952ರ ಒಂದು ಕಥೆಯಲ್ಲಿ ಹೀಗೇ ಹಡಗಿನಲ್ಲಿ ಜಾಗವಿಲ್ಲದೆ ಕ್ಲಾರ್ಕ್ ಕೆಂಟ್ ಮತ್ತು ಬ್ರೂಸ್ ವೇಯ್ನ್ ಒಂದೇ ಕೋಣೆ ಹಂಚಿಕೊಳ್ಳುತ್ತಾರೆ. ಕತ್ತಲಲ್ಲಿ ಗುಟ್ಟಾಗಿ ವೇಷ ಬದಲಿಸುವಾಗ ಹೊರಗೆ ಬೆಂಕಿ ಹೊತ್ತಿ, ಕಿಟಕಿಯಿಂದ ಬೆಳಕು ಬಿದ್ದು, ಇವನು ಸೂಪರ್‌ಮ್ಯಾನ್, ಅವನು ಬ್ಯಾಟ್‌ಮನ್ ಎಂದು ಒಬ್ಬರಿಗೊಬ್ಬರು ಗೊತ್ತಾಗಿಬಿಡುತ್ತದೆ. ನಮ್ಮಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಕರೆಂಟು ಹೋಗಿ ಬಂತು. ದೀಪ ಹತ್ತಿದಾಗ ದೊಡ್ಡ ಭಾವ ಹಳೇ ಟೂತ್‌ಬ್ರಶ್ಶಿನಿಂದ ಮೀಸೆಗೆ ಕಪ್ಪು ಬಳಿಯುತ್ತಿದ್ದರು. ಕಚ್ಚೆ ಕಟ್ಟುವುದು ಇಂದಿನ ಹುಡುಗರಿಗೆ ಬಾರದು ಎಂದು ಎಲ್ಲ ಮದುವೆಯಲ್ಲೂ ಭಾಷಣ ಮಾಡುವ ಚಿಕ್ಕ ಭಾವ ವೆಲ್ಕ್ರೋ ಹಚ್ಚಿದ ರೆಡಿಮೇಡ್ ಪಂಚೆಯನ್ನು ಚರ್ರನೆ ಅಂಟಿಸುತ್ತಿದ್ದರು. ಇಬ್ಬರೂ ಯಾರಿಗೂ ಹೇಳುವುದಿಲ್ಲವೆಂದು ಒಪ್ಪಂದ ಮಾಡಿಕೊಂಡರಂತೆ. ಇದು ನನಗೆ ಗೊತ್ತಾದದ್ದು ಇಬ್ಬರೂ ಬೇರೆಬೇರೆಯಾಗಿ ಬಂದು ಹೇಳಿದ್ದರಿಂದ.

ಮಧ್ಯಾಹ್ನ ಮೂರಕ್ಕೆ ಅನ್ಯಗ್ರಹದವರು ಇಳಿದರು. ಛತ್ರದ ಮ್ಯಾನೇಜರು, ಕೈಯಲ್ಲಿ ರಟ್ಟಿನ ಪುಸ್ತಕ, ಕಿವಿಯಲ್ಲಿ ಪೆನ್ನು. ಖಾಲಿ ಮಾಡುವ ಹೊತ್ತು ಮೀರಿತು, ಕರೆಂಟಿನ ಲೆಕ್ಕ ಇಷ್ಟು, ಸ್ವೀಪರ್ ಚಾರ್ಜು ಇಷ್ಟು, ಸೌಟು ನಲವತ್ತು ಕೊಟ್ಟಿದ್ದು ಮೂವತ್ತೊಂಬತ್ತಿದೆ. ನಾನು ಆಗಲೇ ಜೇಬಿಗೆ ಕೈ ಹಾಕಿದ್ದೆ.

“ತಾಳು” ಎಂದರು ದೊಡ್ಡ ಭಾವ. ಕನ್ನಡಕ ಏರಿಸಿ ಬಿಲ್ಲು ತೆಗೆದುಕೊಂಡರು. “ಸ್ವಾಮಿ, ಇಲ್ಲಿ ಮೀಟರ್ ರೀಡಿಂಗು ಕೂಡಿಸುವಾಗ ಒಂದು ಹತ್ತು ಜಾಸ್ತಿ ಸೇರಿದೆ. ನೀವು ಕೂಡಿದ್ದೋ, ಕ್ಯಾಲ್ಕುಲೇಟರ್ ಕೂಡಿದ್ದೋ?” ಮ್ಯಾನೇಜರು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಕಡೆಯಿಂದ ಚಿಕ್ಕ ಭಾವ, “ನೆಟ್ಟಗೆ ನಿಂತು ಮಾತಾಡಿ. ಸೌಟು ಕೊಡುವಾಗ ಎಣಿಸಿದ್ದು ಯಾರು? ಅವರನ್ನು ಕರೀರಿ ಇಲ್ಲಿ” ಎಂದರು. ಮೂವತ್ತು ವರ್ಷ ಹೈಸ್ಕೂಲಿನ ಗೋಡೆ ನಡುಗಿಸಿದ ದನಿ. ಅಡುಗೆಮನೆಯ ಕಡೆಯಿಂದ ಒಬ್ಬ ಹುಡುಗ ನಿಜವಾಗಿಯೂ ಓಡಿಬಂದು ಕೈಕಟ್ಟಿ ನಿಂತ. ಒಬ್ಬರು ಅಂಕಿ ಹಿಡಿದರೆ ಇನ್ನೊಬ್ಬರು ದನಿ ಏರಿಸುವುದು, ಇವರು ನಿಲ್ಲಿಸಿದರೆ ಅವರು ಹಿಡಿಯುವುದು. “ನಮ್ಮ ಷಡ್ಡಕರು ಹೇಳೋದು ಸರಿಯಾಗಿದೆ” ಎಂಬ ಮಾತನ್ನು ಮೂವತ್ತಾರು ವರ್ಷಗಳಲ್ಲಿ ಮೊದಲ ಸಲ ಕೇಳಿದೆ. ಇಪ್ಪತ್ತು ನಿಮಿಷದಲ್ಲಿ ಬಿಲ್ಲು ಒಂದು ಸಾವಿರದ ನಾನೂರು ಇಳಿಯಿತು, ಸೌಟಿನ ಲೆಕ್ಕ ಮನ್ನಾ ಆಯಿತು. (ಸೌಟು ಆ ರಾತ್ರಿ ನಮ್ಮ ಮನೆಗೆ ಬಂದ ಬಿಸಿಬೇಳೆಬಾತಿನ ಪಾತ್ರೆಯ ತಳದಲ್ಲೇ ಸಿಕ್ಕಿತು. ಮರುದಿನ ಮಗನ ಕೈಯಲ್ಲಿ ಪೇಪರು ಸುತ್ತಿ ಕಳಿಸಿದೆ.)

ಗೆದ್ದ ಇಬ್ಬರೂ ಛತ್ರದ ಜಗುಲಿಯ ಮೇಲೆ ಗೋಡೆಗೊರಗಿ ಕೂತರು. ಚಿಕ್ಕಕ್ಕ ಎಲೆಯಡಿಕೆ ತಟ್ಟೆ ತಂದಿಟ್ಟಳು. ಚಿಕ್ಕ ಭಾವ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದು ದೊಡ್ಡ ಭಾವನ ಕಡೆ ಸರಿಸಿದರು.

“ತಗೊಳ್ಳಿ, ಮನೆಗೆ ಹಿರಿಯ ಅಳಿಯ ನೀವು.”

“ಛೆ, ಎಲ್ಲಾದರೂ ಉಂಟೆ! ವಯಸ್ಸಿಗೆ ನೀವು ದೊಡ್ಡೋರು. ಮೊದಲು ನೀವು.”

“ಇಲ್ಲ ಇಲ್ಲ, ನೀವು.”

“ನಾನು ಹೇಳ್ತಿದೀನಲ್ಲ, ನೀವು ಅಂತ!”

ದನಿ ಏರತೊಡಗಿತ್ತು. ಡಬ್ಬಿ ನಡುವೆ ಬಾಯಿ ತೆರೆದು ಕೂತಿತ್ತು.