ಜಾಮೀನು ನಿಂತ ಭಾವ

ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದ ನಮ್ಮ ಭಾವ ಒಬ್ಬರಿಗೂ ಜಾಮೀನು ಸಹಿ ಹಾಕಿದವರಲ್ಲ. ಸ್ವಂತ ತಮ್ಮ ಸ್ಕೂಟರ್ ಸಾಲಕ್ಕೆಂದು ಬಂದು ಎದುರು ಕೂತಾಗಲೂ, "ಕಾಫಿ ಕುಡಿ, ಊಟ ಮಾಡಿಕೊಂಡು ಹೋಗು, ಬೇಕಾದರೆ ದುಡ್ಡೇ ತಗೊಂಡು ಹೋಗು. ಸಹಿ ಮಾತ್ರ ಕೇಳಬೇಡ" ಎಂದಿದ್ದರು. ಸಾಲ ವಸೂಲಿ ವಿಭಾಗದಲ್ಲಿ ಇದ್ದವರು ನೋಡಿ. ಸಾಲ ತೆಗೆದವನು ಊರು ಬಿಟ್ಟಿರುತ್ತಾನೆ, ಬಾಗಿಲು ತಟ್ಟಿದರೆ ಲುಂಗಿ ಉಟ್ಟುಕೊಂಡು ಕೈಗೆ ಸಿಗುವವನು ಜಾಮೀನುದಾರನೇ ಎಂಬುದನ್ನು ಕಣ್ಣಾರೆ ಕಂಡವರು.

ಇಂಥ ಭಾವ 2018ರ ಜುಲೈಯಲ್ಲಿ ಒಂದು ಟೀವಿ ಸರಣಿಗೆ ಅರ್ಧ ಕುವೆಂಪುನಗರದ ಮುಂದೆ ಜಾಮೀನು ನಿಂತರು.

ಸರಣಿಯ ಹೆಸರು 'ಸೇಕ್ರೆಡ್ ಗೇಮ್ಸ್'. ವಿಕ್ರಮ್ ಚಂದ್ರ ಅವರ ಕಾದಂಬರಿ ಆಧರಿಸಿ ನೆಟ್‌ಫ್ಲಿಕ್ಸ್‌ನವರು ಭಾರತದಲ್ಲಿ ತೆಗೆದ ಮೊದಲ ಸರಣಿ. ಮುಂಬೈಯ ಭೂಗತ ದೊರೆ ಗಣೇಶ್ ಗಾಯ್ತೊಂಡೆ, ಇಲಾಖೆಯಲ್ಲಿ ಯಾರಿಗೂ ಬೇಡವಾದ ಇನ್‌ಸ್ಪೆಕ್ಟರ್ ಸರ್ತಾಜ್ ಸಿಂಗನಿಗೆ ಫೋನು ಮಾಡುತ್ತಾನೆ. ಇನ್ನು 25 ದಿನಕ್ಕೆ ಈ ಊರು ಮುಗಿಯಿತು, ಉಳಿಸಿಕೊಳ್ಳುವುದಾದರೆ ಉಳಿಸಿಕೋ ಎನ್ನುತ್ತಾನೆ. ಅಷ್ಟು ಹೇಳಿ ಮೊದಲನೇ ಕಂತಿನಲ್ಲೇ ಗುಂಡು ಹಾರಿಸಿಕೊಂಡು ಸಾಯುತ್ತಾನೆ. "ನವಾಜುದ್ದೀನ್ ಸಿದ್ದಿಕಿ ಅಂಥವನನ್ನು ಮೊದಲ ಕಂತಿಗೇ ಸಾಯಿಸಿಬಿಟ್ಟರು ಕಣಯ್ಯ! ಇನ್ನೂ ಏಳು ಕಂತು ಬಾಕಿ ಇದೆ. ಏನು ಮಾಡ್ತಾರೆ ಹೇಳು ನೋಡೋಣ?" ಇದು ಆ ವರ್ಷ ಭಾವ ಎಲ್ಲರಿಗೂ ಹಾಕುತ್ತಿದ್ದ ಸವಾಲು. ಹಾಲಿನವನಿಗೂ ಹಾಕಿದ್ದರಂತೆ.

ಈ ಜಾತಿಯವರು ನಿಮ್ಮ ಬೀದಿಯಲ್ಲೂ ಇರುತ್ತಾರೆ. ತಾವು ನೋಡಿ ಸುಖಪಟ್ಟು ಸುಮ್ಮನಿರುವ ಪೈಕಿ ಅಲ್ಲ. ಮದುವೆ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೋಸಂಬರಿಗೆ ಕೈ ಹಾಕುವುದರೊಳಗೆ "ನೋಡಿದ್ರಾ?" ಶುರುವಾಗುತ್ತದೆ. ಇಲ್ಲ ಎಂದಿರೋ, ಸಾರು ಬರುವ ಹೊತ್ತಿಗೆ ಮೂರು ಕಂತಿನ ಕಥೆ ನಿಮ್ಮ ಎಲೆಯ ಮೇಲಿರುತ್ತದೆ. ನೋಡುತ್ತಿದ್ದೇನೆ ಎಂದಿರೋ ಇನ್ನೂ ಕಷ್ಟ. "ಎಷ್ಟನೇದರಲ್ಲಿದ್ದೀರಿ? ನಾಲ್ಕು? ಅಯ್ಯೋ, ಇನ್ನೇನೂ ನೋಡಿಲ್ಲ ಬಿಡಿ ನೀವು." ಜೊತೆಯಲ್ಲಿ ಕೂತು ನೋಡುವುದಂತೂ ಶಿಕ್ಷೆ. ಅವರು ಟೀವಿ ನೋಡುವುದಿಲ್ಲ, ನಮ್ಮ ಮುಖ ನೋಡುತ್ತಾರೆ. ಬೆಚ್ಚಬೇಕಾದ ಜಾಗದಲ್ಲಿ ಬೆಚ್ಚದಿದ್ದರೆ ಹಿಂದಕ್ಕೆ ಓಡಿಸಿ ಮತ್ತೊಮ್ಮೆ ಹಾಕುತ್ತಾರೆ. ನಮ್ಮ ಭಾವ ನೋಡುತ್ತಿದ್ದದ್ದು ಪುಣೆಯಲ್ಲಿರುವ ಮಗಳ ಅಕೌಂಟಿನಲ್ಲಿ, ಆದ್ದರಿಂದ ಡೇಟಾ ಸುಡುವ ಚಿಂತೆಯಷ್ಟೇ ಇವರದು.

ಭಾವನಿಗೆ ಈ ಸರಣಿಯ ಮೇಲೆ ಇಷ್ಟೊಂದು ಹಕ್ಕು ಬಂದದ್ದಕ್ಕೆ ಕಾರಣವೂ ಇತ್ತು. ನಿಪ್ಪಾಣಿಯಲ್ಲಿ ಆರು ವರ್ಷ ಇದ್ದವರಾದ್ದರಿಂದ ಮರಾಠಿ ಬರುತ್ತದೆ. ಕಾನ್‌ಸ್ಟೇಬಲ್ ಕಾಟೇಕರ್ ಬಾಯಿ ಬಿಟ್ಟರೆ ಸಬ್‌ಟೈಟಲ್ಲಿಗಿಂತ ಮೊದಲು ಇವರ ಅನುವಾದ. ಕಾಟೇಕರ್ ಸತ್ತ ದಿನ ರಾತ್ರಿ ಊಟ ಬಿಟ್ಟರು ಎಂದು ಅಕ್ಕ ಫೋನು ಮಾಡಿದ್ದಳು. ಕುಕ್ಕೂ ಪಾತ್ರ ಮಾಡಿದ ಕುಬ್ರಾ ಸೇಟ್ "ನಮ್ಮ ಬೆಂಗಳೂರಿನ ಹುಡುಗಿ". ಕಂತುಗಳಿಗೆ ಪುರಾಣದ ಹೆಸರು ಬೇರೆ: ಅಶ್ವತ್ಥಾಮ, ಹಾಲಾಹಲ, ರುದ್ರ. ಕೊನೆಯದು ಯಯಾತಿ. "ನಮ್ಮ ಕಾರ್ನಾಡರು 1961ರಲ್ಲೇ ಬರೆದಾಯ್ತು!" ಮೂರನೆಯದಕ್ಕೆ ಆತಾಪಿ ವಾತಾಪಿ. ಅದನ್ನು ನೋಡಿ ಭಾವ ಸೋಫಾದಿಂದ ಎದ್ದೇ ನಿಂತರು. ವಾತಾಪಿ ಎಂದರೆ ಬಾದಾಮಿ, ಸರಿ. ನಮ್ಮ ಕಡೆಯ ಕಥೆಯಲ್ಲಿ ಅವನ ಅಣ್ಣ ಆತಾಪಿಯಲ್ಲ, ಇಲ್ವಲ. ಇಲ್ವಲ ಎಂದರೆ ಹುಣಸೂರು ರಸ್ತೆಯ ನಮ್ಮ ಇಲವಾಲವೇ ಎಂಬುದು ಭಾವನ ಸಂಶೋಧನೆ. ಆಧಾರ ಕೇಳಬಾರದು. ಅಣ್ಣ ತಮ್ಮನನ್ನು ಮೇಕೆ ಮಾಡಿ, ಕಡಿದು, ಅತಿಥಿಗೆ ಅಡುಗೆ ಬಡಿಸಿ, ಉಂಡ ಮೇಲೆ "ವಾತಾಪೀ" ಎಂದು ಕೂಗಿದರೆ ಹೊಟ್ಟೆ ಸೀಳಿಕೊಂಡು ಬರುತ್ತಿದ್ದ ಕಥೆಯನ್ನು ಸೊಸೆಗೂ ಮೊಮ್ಮಗುವಿಗೂ ಅಭಿನಯಿಸಿ ತೋರಿಸಿದರು.

ಮೊದಲನೇ ಸೀಸನ್ನಿಗೂ ಎರಡನೆಯದಕ್ಕೂ ನಡುವೆ ಹದಿಮೂರು ತಿಂಗಳು. ಬಿಡುವು ಎಂಬುದು ನಿವೃತ್ತರಿಗೆ ಒಳ್ಳೆಯದಲ್ಲ. ಬ್ಯಾಂಕಿನ ಕ್ಯಾಲೆಂಡರಿನ ಹಿಂಬದಿಯಲ್ಲಿ ವಂಶವೃಕ್ಷ ಬರೆದರು. ಉಳಿಯುವವನು ತ್ರಿವೇದಿ ಒಬ್ಬನೇ ಎಂದು ಗಾಯ್ತೊಂಡೆ ಹೇಳಿದ್ದನಲ್ಲ, ಆ ತ್ರಿವೇದಿಗೆ ಕೆಂಪು ಶಾಯಿ. ಗಾಯ್ತೊಂಡೆ ತನ್ನ ಮೂರನೇ ಅಪ್ಪ ಎನ್ನುವ ಗುರೂಜಿಗೆ ಹಸಿರು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಆರಕ್ಕೆ ನಡೆಯುವ ಐದಾರು ಜನರ ಗುಂಪಿಗೆ ಈ ನಕ್ಷೆ ಬಾಯಿಪಾಠವಾಯಿತು. ಅದರಲ್ಲಿ ಮೂವರು ಇವರ ಮಾತು ನಂಬಿ ದುಡ್ಡು ಕಟ್ಟಿ ನೆಟ್‌ಫ್ಲಿಕ್ಸ್ ಹಾಕಿಸಿಕೊಂಡರು. "ಎರಡನೇದು ಬರಲಿ, ಆಮೇಲೆ ಹೇಳಿ" ಎಂದು ಭಾವ ಅಭಯ ಕೊಟ್ಟರು. ಜಾಮೀನು ಸಹಿ ಬಿದ್ದದ್ದು ಅಲ್ಲೇ.

2019ರ ಆಗಸ್ಟ್ 15. ಸ್ವಾತಂತ್ರ್ಯ ದಿನ, ನೂಲ ಹುಣ್ಣಿಮೆ ಎರಡೂ ಒಟ್ಟಿಗೆ ಬಿದ್ದಿದ್ದವು. ಹೊಸ ಜನಿವಾರ, ಹೊಸ ಸೀಸನ್. ಪಾಯಸ ಆಂಬೊಡೆ ಮುಗಿಸಿ ಹಾಲಿನ ಕಿಟಕಿಗೆ ಬೆಡ್‌ಶೀಟು ಕಟ್ಟಿ ಭಾವ ಕೂತರು, ಪಕ್ಕದಲ್ಲಿ ನಾನು. ಗಾಯ್ತೊಂಡೆಯ ಬೈಗುಳ ದೇವರ ಮನೆಗೆ ಕೇಳಬಾರದೆಂದು ರಿಮೋಟಿನ ಮೇಲೆ ಹೆಬ್ಬೆರಳು ಸದಾ ಸಿದ್ಧ. ಹಿಂದಿನ ಸೀಸನ್ನಿನಲ್ಲಿ ಆ ಹೆಬ್ಬೆರಳಿಗೆ ಬಿಡುವೇ ಇರಲಿಲ್ಲ. ಈ ಸಲ ಮೂರನೇ ಕಂತಿನ ಹೊತ್ತಿಗೆ ರಿಮೋಟು ಟೀಪಾಯಿ ಸೇರಿತು. ಗಾಯ್ತೊಂಡೆ ಮುಂಬೈ ಬಿಟ್ಟು ಕೀನ್ಯಾದ ಮೊಂಬಾಸಾಕ್ಕೆ ಹೋಗಿದ್ದ. ಆಮೇಲೆ ಆಶ್ರಮ ಸೇರಿದ. ಗುರೂಜಿಯ ಪಾತ್ರದ ಪಂಕಜ್ ತ್ರಿಪಾಠಿ ಮೆಲುದನಿಯಲ್ಲಿ ಕಲಿಯುಗ ಮುಗಿಸಿ ಸತ್ಯಯುಗ ತರುವ ವಿಚಾರ ಹೇಳತೊಡಗಿದರು. ದೇವರ ಮನೆಯಿಂದ ಅಕ್ಕನೇ ಎದ್ದು ಬಂದಳು.

"ಇದು ಚೆನ್ನಾಗಿದೆಯಲ್ಲ, ಯಾವ ಚಾನೆಲ್ಲು?"

ಭಾವನ ಮುಖದಲ್ಲಿ ನಾನು ಅಂಥ ಸಂಕಟ ಕಂಡದ್ದು ಅದೇ ಮೊದಲು. ಕೊಲೆಗಾರನ ಕಥೆ ಎಂದು ಊರಿಗೆಲ್ಲ ಹೇಳಿದ್ದು ಹೆಂಡತಿಗೆ ಪ್ರವಚನವಾಗಿ ಕೇಳಿಸಿತ್ತು.

ನನ್ನ ಮಟ್ಟಿಗೆ ಹೇಳುವುದಾದರೆ, ಎರಡನೆಯದು ಭಾವ ಹೇಳುವಷ್ಟು ಕೆಟ್ಟದಾಗೇನೂ ಇರಲಿಲ್ಲ. ತ್ರಿಪಾಠಿಯವರನ್ನು ನೋಡುತ್ತ ಕೂರಬಹುದು. ಆದರೆ ಮೊದಲ ಸೀಸನ್ನಿಗೆ ಮುಂಬೈಯ ಗಲ್ಲಿ ಇತ್ತು, ಚರಂಡಿ ಇತ್ತು, ಕಸದ ಗುಡ್ಡೆಯಿಂದ ಮೇಲೆದ್ದ ಒಬ್ಬನ ಹಸಿವಿತ್ತು. ಎರಡನೆಯದರಲ್ಲಿ ಅವನಿಗೆ ಹೊಟ್ಟೆ ತುಂಬಿಬಿಟ್ಟಿತ್ತು. ಇದನ್ನು ಭಾವನಿಗೆ ಹೇಳಿದೆ. ಅವರು ಬ್ಯಾಂಕಿನ ಭಾಷೆಯಲ್ಲಿ ಉತ್ತರಿಸಿದರು. ಮೊದಲ ಸೀಸನ್ನಿನಲ್ಲಿ ಗಾಯ್ತೊಂಡೆಯ ಪಾಲು ಅನುರಾಗ್ ಕಶ್ಯಪ್ ಅವರದು, ಸರ್ತಾಜನ ಪಾಲು ವಿಕ್ರಮಾದಿತ್ಯ ಮೋಟ್ವಾನೆಯವರದು. ಎರಡನೆಯದಕ್ಕೆ ಮೋಟ್ವಾನೆ ಜಾಗಕ್ಕೆ ನೀರಜ್ ಘೇವಾನ್ ಬಂದರು. "ಬ್ರಾಂಚ್ ಮ್ಯಾನೇಜರ್ ಟ್ರಾನ್ಸ್‌ಫರ್ ಆದರೆ ಆಗೋದೇ ಇದು. ಹಳೇ ಫೈಲು ಹೊಸಬರಿಗೆ ಅರ್ಥ ಆಗಲ್ಲ." ಪಾಪ, 'ಮಸಾನ್' ತೆಗೆದ ನಿರ್ದೇಶಕರ ಬಗ್ಗೆ ಇಂಥ ಮಾತು ಅನ್ಯಾಯ. ಆದರೆ ಜಾಮೀನುದಾರನ ಎದುರು ನ್ಯಾಯ ಮಾತಾಡಿ ಉಪಯೋಗವಿಲ್ಲ.

ಕೊನೆಯ ಕಂತು ಮುಗಿದದ್ದು ಮರುದಿನ ನಡುರಾತ್ರಿಗೆ. ಬಾಂಬಿನ ಎದುರು ಸರ್ತಾಜ್ ಒಬ್ಬನೇ. ಪರದೆಯ ಮೇಲೆ ಬೆರಳಾಡಿಸಿ ಸರಿಯಾದ ಗುರುತು ಬಿಡಿಸಿದರೆ ಊರು ಉಳಿಯುತ್ತದೆ. ನಿದ್ದೆಗಣ್ಣಲ್ಲಿ ನೀರು ಕುಡಿಯಲು ಬಂದ ಅಕ್ಕ ಒಂದು ಕ್ಷಣ ನಿಂತು ನೋಡಿ, "ಚುಕ್ಕಿ ರಂಗೋಲಿ ಇದ್ದ ಹಾಗಿದೆ, ಕೊಡು ಇಲ್ಲಿ ಅಂದರೆ ನಾನೇ ಬಿಡಿಸ್ತಿದ್ದೆ" ಎಂದು ಹೋಗಿ ಮಲಗಿದಳು. ಬಾಂಬು ಸಿಡಿಯಿತೋ ಇಲ್ಲವೋ ಹೇಳದೆ ಹೆಸರುಗಳು ಬರಲು ಶುರುವಾದವು. ಭಾವ ಹೆಸರುಗಳನ್ನೆಲ್ಲ ಕೊನೆಯವರೆಗೂ ಓದಿದರು, ಎಲ್ಲಾದರೂ ಉತ್ತರ ಇದ್ದೀತೆಂದು. ಆಮೇಲೆ ಒಂದೇ ಮಾತು:

"ನಾಳೆ ವಾಕಿಂಗ್ ಬೇಡ."

ಮೂರು ದಿನ ಹೋಗಲಿಲ್ಲ. ನಾಲ್ಕನೇ ದಿನ ಸಕ್ಕರೆ ಕಾಯಿಲೆಯ ಡಾಕ್ಟರಿಗೆ ಹೆದರಿ ಹೊರಟರು. ಗುಂಪಿನ ಕೈಗೆ ಸಿಗಬಾರದೆಂದು ಕೆರೆಯನ್ನು ಉಲ್ಟಾ ದಿಕ್ಕಿನಲ್ಲಿ ಸುತ್ತಿದರು. ಮೂವತ್ತನಾಲ್ಕು ವರ್ಷ ಲೆಕ್ಕ ಬರೆದವರಿಗೆ ಈ ಸಣ್ಣ ಲೆಕ್ಕ ಹೊಳೆಯಲಿಲ್ಲ. ಅದೇ ದಿಕ್ಕಿನಲ್ಲಿ ಹಿಂದೆ ನಡೆದಿದ್ದರೆ ಯಾರೂ ಸಿಗುತ್ತಿರಲಿಲ್ಲ. ಎದುರು ಹೋದ್ದರಿಂದ ಪ್ರತಿಯೊಬ್ಬರೂ ಸುತ್ತಿಗೆ ಎರಡು ಸಲ ಮುಖಾಮುಖಿ ಸಿಕ್ಕರು. "ಏನು ಸ್ವಾಮಿ, ಬಾಂಬ್ ಸಿಡೀತಾ?" ಮೊದಲ ಸಲ. "ವರ್ಷದ ದುಡ್ಡು ಯಾರು ಕೊಡ್ತಾರೆ?" ಎರಡನೇ ಸಲ.

ಆ ವಾರವೇ ಭಾವ ವಿಕ್ರಮ್ ಚಂದ್ರರ ಕಾದಂಬರಿ ತರಿಸಿದರು. ಒಂಬೈನೂರು ಪುಟದ ಇಟ್ಟಿಗೆ. ಆಡಿಟ್ ಮಾಡುವವರ ಹಾಗೆ ಹಿಂದಿನಿಂದ ಓದಿ, ಪುಸ್ತಕದಲ್ಲಿ ಊರು ಉಳಿಯುತ್ತದೆ ಎಂಬುದನ್ನು ಪತ್ತೆ ಮಾಡಿ, ಕೆರೆ ಏರಿಗೆ ಹೊತ್ತುಕೊಂಡೇ ಹೋದರು. ಒನ್ ಟೈಮ್ ಸೆಟಲ್‌ಮೆಂಟ್. ಸಾಲಗಾರರು ಒಪ್ಪಲಿಲ್ಲ. ನಾವು ನೋಡಿದ್ದು ಟೀವಿ, ನೀವು ತೋರಿಸುತ್ತಿರುವುದು ಪುಸ್ತಕ, ಅಡಮಾನ ಇಟ್ಟದ್ದೇ ಬೇರೆ ಸೈಟು ಎಂದರಂತೆ.

ಮೂರನೇ ಸೀಸನ್ ಬರಲೇ ಇಲ್ಲ. ಭಾವ ಅಂದಿನಿಂದ ಯಾವುದಕ್ಕೂ ಸಹಿ ಹಾಕಿಲ್ಲ. 2020ರಲ್ಲಿ 'ಪಾತಾಳ್ ಲೋಕ್' ಬಂದಾಗ ಮನೆಯಲ್ಲೇ ಕೂಡಿಹಾಕಿದ್ದ ಕಾಲ, ಎಂಟು ದಿನದಲ್ಲಿ ಎರಡು ಸಲ ನೋಡಿದರು, ತುಟಿ ಬಿಚ್ಚಲಿಲ್ಲ. 2025ರ ಜನವರಿಯಲ್ಲಿ ಅದರ ಎರಡನೇ ಸೀಸನ್ ಬಂತು. ನಾಗಾಲ್ಯಾಂಡಿಗೆ ಹೋದರೂ ಜೈದೀಪ್ ಅಹ್ಲಾವತ್‌ನ ಹಾಥಿರಾಮ್ ಚೌಧರಿ ಹಾಥಿರಾಮನಾಗಿಯೇ ಉಳಿದ. ಕೆರೆ ಗುಂಪಿನವರು ತಾವಾಗಿಯೇ ನೋಡಿ ಮೆಚ್ಚಿ, ಇಷ್ಟು ಒಳ್ಳೆಯದನ್ನು ಹೇಳದೆ ಮುಚ್ಚಿಟ್ಟಿದ್ದೀರಲ್ಲ ಎಂದು ಭಾವನ ಮೇಲೆ ಹರಿಹಾಯ್ದರು.

ಮೊನ್ನೆ ಊಟಕ್ಕೆ ಹೋಗಿದ್ದೆ. ಮೊಮ್ಮಗುವಿನ ಹೊಟ್ಟೆಯ ಮೇಲೆ ಕೈಯಾಡಿಸಿ ಅಕ್ಕ "ವಾತಾಪಿ ಜೀರ್ಣೋ ಭವ" ಎಂದಳು. ಅಗಸ್ತ್ಯರು ಹೇಳಿ ಅರಗಿಸಿಕೊಂಡ ಮಾತು. ಪಕ್ಕದಲ್ಲಿ ಎಲೆ ಮಡಿಸುತ್ತಿದ್ದ ಭಾವ ತಲೆಯೆತ್ತಿ, "ಮೂರನೇ ಕಂತು" ಎಂದರು.

ಆದ್ದರಿಂದ ಒಂದು ವಿನಂತಿ. ಬೆಳಿಗ್ಗೆ ಆರರ ಸುಮಾರಿಗೆ ಕುಕ್ಕರಹಳ್ಳಿ ಕೆರೆಯಲ್ಲಿ ಮಂಕಿ ಟೋಪಿ ಹಾಕಿಕೊಂಡು ಒಬ್ಬರೇ ಉಲ್ಟಾ ದಿಕ್ಕಿನಲ್ಲಿ ಬರುವವರು ಕಂಡರೆ ನಮಸ್ಕಾರ ಹೇಳಿ, ಮಳೆ ಬೆಳೆ ವಿಚಾರಿಸಿ. ಬಾಂಬಿನ ಸುದ್ದಿ ಮಾತ್ರ ಎತ್ತಬೇಡಿ.